ಸಿಕಮೋರ್ ಸೌದೆ: ಬಿಟ್ಟಿ ಸಿಕ್ಕರೂ ಲೆಕ್ಕ ಹಾಕಿ ತಗೊಳ್ಳಿ

ಅಮೆರಿಕದ ಓಹಾಯೋ ರಾಜ್ಯದ ದಕ್ಷಿಣ ಭಾಗದಲ್ಲಿ, ಹಳ್ಳದ ಪಕ್ಕ ಜಾಗ ಇರುವವರಿಗೆ ಈ ಪ್ರಶ್ನೆ ಒಂದಲ್ಲ ಒಂದು ದಿನ ಬಂದೇ ಬರುತ್ತದೆ. ಗಾಳಿಗೆ ಸಿಕಮೋರ್ ಮರ ಬಿದ್ದಿದೆ, ಸೌದೆ ಮಾಡಬೇಕಾ, ಸುಮ್ನೆ ಬಿಡಬೇಕಾ? ಇಲ್ಲಿ ಸೌದೆ ಒಲೆ ಇಟ್ಟುಕೊಂಡವರನ್ನು ಕೇಳಿದರೆ ಕೆಲವರು ಹೆಸರು ಕೇಳಿಯೇ ಮುಖ ಸಿಂಡರಿಸುತ್ತಾರೆ, ಇನ್ನು ಕೆಲವರು ಉರಿಯುತ್ತೆ ತಾನೇ, ಮತ್ತೇನು ಬೇಕು ಅನ್ನುತ್ತಾರೆ. ನಮ್ಮ ಹಿತ್ತಲಲ್ಲಿ ಬಿದ್ದ ಒಂದು ದೊಡ್ಡ ಮರವನ್ನು ಕೊಯ್ದು, ಸೀಳಿ, ಒಣಗಿಸಿ, ಉರಿಸಿಯೂ ನೋಡಿದ ಮೇಲೆ ನನ್ನ ತೀರ್ಮಾನ ಇಷ್ಟು: ಕೊಂಬೆ ಕಡೆಯದನ್ನು ಧಾರಾಳವಾಗಿ ತಗೊಳ್ಳಿ, ಬುಡದ ಕಡೆಯದನ್ನು ಸೌದೆ ಸೀಳುವ ಯಂತ್ರ ಇದ್ದರೆ ಮಾತ್ರ ಮುಟ್ಟಿ.

ಇಂಗ್ಲೆಂಡಿನವರು ಬರೆದ ಸಲಹೆ ಓದಿಕೊಂಡು ಕೊಡಲಿ ಎತ್ತಬೇಡಿ. ಅಲ್ಲಿನ ಸಿಕಮೋರ್ ಮೇಪಲ್ ಜಾತಿಯದು, ಸಲೀಸಾಗಿ ಸೀಳುತ್ತದೆ. ಇಲ್ಲಿನದು ಬೇರೆಯೇ ಮರ, ಪ್ಲಾಟಾನಸ್ ಆಕ್ಸಿಡೆಂಟಾಲಿಸ್. ತೊಗಟೆ ಚಕ್ಕೆ ಚಕ್ಕೆಯಾಗಿ ಉದುರಿ ಮೇಲಿನ ಕೊಂಬೆಗಳು ಸುಣ್ಣ ಬಳಿದ ಹಾಗೆ ಕಾಣುತ್ತವೆ. ಚಳಿಗಾಲದಲ್ಲಂತೂ ಹಳ್ಳ ಎಲ್ಲಿ ಹರಿಯುತ್ತದೆ ಅಂತ ದೂರದ ರಸ್ತೆಯಿಂದಲೇ ಹೇಳಬಹುದು. ಸಿಕ್ಕಾಪಟ್ಟೆ ದಪ್ಪ ಬೆಳೆಯುತ್ತದೆ, ವಯಸ್ಸಾದ ಮರ ಎಷ್ಟೋ ಸಲ ಒಳಗೆ ಟೊಳ್ಳು. 1760ರ ದಶಕದಲ್ಲಿ ಫೋರ್ಟ್ ಪಿಟ್ ಕೋಟೆಯ ಸೈನ್ಯದಿಂದ ತಪ್ಪಿಸಿಕೊಂಡು ಬಂದ ಪ್ರಿಂಗಲ್ ಅಣ್ಣತಮ್ಮಂದಿರು ಈಗಿನ ವೆಸ್ಟ್ ವರ್ಜೀನಿಯಾದ ಬಕ್‌ಹ್ಯಾನನ್ ಹತ್ತಿರ ಇಂಥದ್ದೇ ಮರದ ಪೊಟರೆಯಲ್ಲಿ ವರ್ಷಗಟ್ಟಲೆ ವಾಸ ಮಾಡಿದ್ದರು. ನಮ್ಮ ಮರದ ಬುಡವೂ ಟೊಳ್ಳೇ. ಸೌದೆ ಲೆಕ್ಕದಲ್ಲಿ ಅದು ಒಳ್ಳೆಯದೇ ಆಯಿತು, ಸೀಳುವ ದಪ್ಪ ಅಷ್ಟು ಕಮ್ಮಿ.

ಬಿಸಿಯ ಲೆಕ್ಕಕ್ಕೆ ಬರೋಣ. ಇಲ್ಲಿ ಸೌದೆಯನ್ನು ಕಾರ್ಡ್ ಲೆಕ್ಕದಲ್ಲಿ ಅಳೆಯುತ್ತಾರೆ, 4 ಅಡಿ ಅಗಲ, 4 ಅಡಿ ಎತ್ತರ, 8 ಅಡಿ ಉದ್ದ ಒಟ್ಟಿದ ರಾಶಿ, 128 ಘನ ಅಡಿ. ಒಣಗಿದ ಸಿಕಮೋರ್ ಒಂದು ಕಾರ್ಡಿಗೆ ಸುಮಾರು 19ರಿಂದ 20 ಮಿಲಿಯನ್ ಬಿಟಿಯು (ಬಿಸಿ ಅಳೆಯುವ ಮಾನ) ಬಿಸಿ ಕೊಡುತ್ತದೆ. ರೆಡ್ ಓಕ್ 24ರ ಆಸುಪಾಸು, ಹಿಕರಿ 27ಕ್ಕೂ ಜಾಸ್ತಿ, ಕಾಟನ್‌ವುಡ್ 16ರ ಹತ್ತಿರ. ಅಂದರೆ ತೀರಾ ಕಳಪೆಯೇನಲ್ಲ. ಒಣಗಿದ ಮರ ಯಾವುದೇ ಇರಲಿ, ತೂಕಕ್ಕೆ ತೂಕ ಕೊಡುವ ಬಿಸಿ ಹೆಚ್ಚುಕಮ್ಮಿ ಒಂದೇ. ಒಂದು ರಾಶಿಯಲ್ಲಿ ಎಷ್ಟು ತೂಕದ ಮರ ಹಿಡಿಯುತ್ತದೆ ಅನ್ನುವುದರಲ್ಲಷ್ಟೇ ವ್ಯತ್ಯಾಸ.

ಆದರೆ ಹಸಿ ಮರದ ತೂಕ ನೋಡಿ. ಹಸಿ ಸಿಕಮೋರ್ ಒಂದು ಕಾರ್ಡ್ ಸುಮಾರು 5,000 ಪೌಂಡ್ ತೂಗುತ್ತದೆ, ಒಣಗಿದ ಮೇಲೆ 2,800ರ ಹತ್ತಿರ. ನೀವು ಹೊರುವುದರಲ್ಲಿ ಹತ್ತಿರ ಹತ್ತಿರ ಅರ್ಧ ನೀರೇ. ಅದಕ್ಕೇ ನಮ್ಮ ಕನ್ನಡದ ಗೆಳೆಯರೊಬ್ಬರು ಫೋನ್ ಮಾಡಿ "ಇಲ್ಲೊಬ್ಬರು ಸಿಕಮೋರ್ ದಿಮ್ಮಿ ಬಿಟ್ಟಿ ಕೊಡ್ತಿದ್ದಾರೆ ಸಾರ್, ಒಂದು ಗಂಟೆ ದಾರಿ, ಪಿಕಪ್ ತಗೊಂಡು ಹೋಗೋಣ್ವಾ?" ಅಂದಾಗ ಬೇಡ ಅಂದೆ. ಪೆಟ್ರೋಲ್ ದುಡ್ಡು, ಸೊಂಟ ಎರಡೂ ಹೋಗುತ್ತದೆ. ಅದೂ ಅಲ್ಲದೆ ದೂರದ ಊರಿನ ಸೌದೆ ತಂದರೆ ಅದರೊಳಗಿನ ಹುಳವೂ ಜೊತೆಗೇ ಬರುತ್ತದೆ. ಆ್ಯಶ್ ಮರಗಳ ಕಥೆ ಆಗಿದ್ದೇ ಹಾಗೆ. ಎಮರಾಲ್ಡ್ ಆ್ಯಶ್ ಬೋರರ್ ಅನ್ನೋ ಹಸಿರು ಜೀರುಂಡೆ 2002ರಲ್ಲಿ ಡೆಟ್ರಾಯಿಟ್ ಹತ್ತಿರ ಪತ್ತೆಯಾಯಿತು, ಮರುವರ್ಷವೇ ಓಹಾಯೋದಲ್ಲೂ ಸಿಕ್ಕಿತು, ಸೌದೆ ಗಾಡಿಗಳ ಜೊತೆ ಊರೂರು ಸುತ್ತಿ ಆ್ಯಶ್ ಮರಗಳನ್ನು ಕೊಂದಿತು. ನಿಂತಲ್ಲೇ ಸತ್ತು ಒಣಗಿದ ಆ್ಯಶ್ ಎಲ್ಲರಿಗೂ ಸಿಗುತ್ತಿದ್ದ ಕಾಲದಲ್ಲಿ, ಒಂದೇ ಏಟಿಗೆ ಎರಡು ಹೋಳಾಗುವ ಆ ಮರ ಬಿಟ್ಟು ಸಿಕಮೋರನ್ನು ಯಾರು ಕೇಳುತ್ತಾರೆ ಹೇಳಿ? ಈಗ ನಮ್ಮ ಸುತ್ತ ಆ ಆ್ಯಶ್ ಹೆಚ್ಚಾಗಿ ಮುಗಿಯಿತು, ಉಳಿದದ್ದು ಲಡ್ಡಾಗಿದೆ. ಹಾಗಾಗಿ ಮತ್ತೆ ಸಿಕಮೋರ್ ಕಡೆ ಕಣ್ಣು.

ಇದರ ನಿಜವಾದ ತಕರಾರು ಇರುವುದು ಸೀಳುವುದರಲ್ಲಿ. ನಾರು ನೆಟ್ಟಗೆ ಹೋಗುವುದಿಲ್ಲ, ಒಂದು ಪದರ ಈ ಕಡೆ ವಾಲಿದರೆ ಮುಂದಿನ ಪದರ ಆ ಕಡೆ ವಾಲಿ ಒಂದನ್ನೊಂದು ಹೆಣೆದುಕೊಂಡಿರುತ್ತದೆ. ಕಟುಕರು ಮಾಂಸ ಕೊಚ್ಚುವ ಕೊರಡಿಗೆ ಈ ಮರ ಬಳಸುತ್ತಿದ್ದದ್ದು ಅದಕ್ಕೇ, ಎಷ್ಟು ಕೊಚ್ಚಿದರೂ ಬಿರುಕು ಬಿಡುವುದಿಲ್ಲ. ದಪ್ಪ ತುಂಡಿನ ಮಧ್ಯಕ್ಕೆ ಕೊಡಲಿ ಬೀಸಿದರೆ ಅದು ಕಚ್ಚಿಕೊಂಡು ಅಲ್ಲೇ ನಿಲ್ಲುತ್ತದೆ, ಆಮೇಲೆ ಕೊಡಲಿ ಬಿಡಿಸುವುದೇ ಒಂದು ಕೆಲಸ. ತೀರ್ಥಹಳ್ಳಿ ಕಡೆ ನಮ್ಮ ಮನೆಯಲ್ಲಿ ಬಚ್ಚಲೊಲೆಗೆ ಸೌದೆ ಒಡೆಯುವಾಗ ಅಪ್ಪಯ್ಯ ಹೇಳುತ್ತಿದ್ದದ್ದು ಇಲ್ಲಿಗೂ ಸರಿ ಹೋಗುತ್ತದೆ: "ಮಧ್ಯಕ್ಕೆ ಹೊಡೀಬೇಡ ಮಾರಾಯ, ಅಂಚಿಂದ ತಗೊಂಡು ಬಾ." ಸುತ್ತ ಅಂಚಿನಿಂದ ಹಲಗೆ ಹಲಗೆಯಾಗಿ ಬಿಡಿಸುತ್ತಾ ಬಂದರೆ ಸಾಧಾರಣ ದಪ್ಪದ ತುಂಡು ಬಗ್ಗುತ್ತದೆ. ಜನವರಿ ಚಳಿಗೆ ಒಳಗಿನ ನೀರು ಹೆಪ್ಪುಗಟ್ಟಿದ ಬೆಳಿಗ್ಗೆ ಇನ್ನೂ ಸುಲಭ, ಆ ಹೊತ್ತಿಗೆ ಕೊಡಲಿ ಬಿದ್ದ ಸದ್ದೇ ಬೇರೆ. ಗಂಟು, ಕವಲು ಇರುವ ತುಂಡನ್ನು ಮಾತ್ರ ಯಾವ ಚಳಿಯಲ್ಲೂ ಕೈಯಲ್ಲಿ ಸೀಳಲು ಹೋಗಬೇಡಿ.

ಬುಡದ ತುಂಡುಗಳಿಗೆ ನಾನು ಹೈಡ್ರಾಲಿಕ್ ಯಂತ್ರ ಬಾಡಿಗೆಗೆ ತಂದೆ. ಅದರಲ್ಲೂ ಇದು ಸೀಳುವುದಿಲ್ಲ, ಹರಿಯುತ್ತದೆ. ಎರಡು ಹೋಳಿನ ನಡುವೆ ನಾರು ಜೋತಾಡುತ್ತಿರುತ್ತದೆ, ಕೈಗೊಡಲಿಯಿಂದ ಕಡಿದು ಬಿಡಿಸಬೇಕು. ಯಂತ್ರಕ್ಕೆ ಎತ್ತಿಡಲು ಆಗದಂಥವನ್ನು ಅಡ್ಡ ಮಲಗಿಸಿ ಚೈನ್‌ಸಾದಲ್ಲಿ ನಾರಿನ ಉದ್ದಕ್ಕೇ ಕೊಯ್ದೆ. ಹಾಗೆ ಕೊಯ್ದಾಗ ಪುಡಿ ಬರುವುದಿಲ್ಲ, ಉದ್ದುದ್ದ ಎಳೆ ಬರುತ್ತದೆ, ಅದು ಗರಗಸದ ಬುಡದಲ್ಲಿ ಕಟ್ಟಿಕೊಳ್ಳುತ್ತದೆ, ಆಗಾಗ ನಿಲ್ಲಿಸಿ ತೆಗೆಯಬೇಕು. ಒಣಗಿಸಿಟ್ಟರೆ ಒಲೆ ಹಚ್ಚಲು ಅದಕ್ಕಿಂತ ಒಳ್ಳೆಯದಿಲ್ಲ. ಇನ್ನೊಂದು, ಎಲೆ ಇರುವ ಕೊಂಬೆ ಸವರುವಾಗ ಮಾಸ್ಕ್ ಹಾಕಿಕೊಳ್ಳಿ. ಎಳೆ ಎಲೆಯ ನವಿರು ಕೂದಲು ಗಂಟಲಿಗೆ ಹೋದರೆ ಕೆಮ್ಮಿ ಕೆಮ್ಮಿ ಸಾಕಾಗುತ್ತದೆ.

ಸೀಳಿದ ಮೇಲೆ ಇದು ಒಳ್ಳೆ ಮರ. ಓಕ್ ಎರಡು ಮೂರು ವರ್ಷ ಕಾಯಿಸುತ್ತದೆ, ಇದು ಬಿಸಿಲು ಗಾಳಿ ಆಡುವ ಕಡೆ ನೆಲ ತಾಗದ ಹಾಗೆ ಹಲಗೆ ಮೇಲೆ ಒಟ್ಟಿದರೆ ಒಂದು ವರ್ಷದಲ್ಲಿ ತಯಾರು. ಮೇಲೆ ಮಾತ್ರ ಮುಚ್ಚಿ, ಪಕ್ಕ ತೆರೆದಿರಲಿ. ಒಂದು ಹೋಳನ್ನು ಹೊಸದಾಗಿ ಸೀಳಿ ಒಳಮೈಗೆ ತೇವ ಅಳೆಯುವ ಮಾಯಿಶ್ಚರ್ ಮೀಟರ್ ಚುಚ್ಚಿ, 20 ಪರ್ಸೆಂಟಿಗಿಂತ ಕೆಳಗಿದ್ದರೆ ಉರಿಸಬಹುದು. ಆದರೆ ಸೀಳದೆ ಇಡೀ ದಿಮ್ಮಿಯಾಗಿ ನೆಲದ ಮೇಲೆ ಬಿಟ್ಟರೆ ಬೇಗ ಕೊಳೆಯುತ್ತದೆ, ಅಣಬೆ ಏಳುತ್ತದೆ, ಆಮೇಲೆ ಯಾರಿಗೂ ಬೇಡ. ಮುಂದಿನ ವರ್ಷ ನೋಡೋಣ ಅನ್ನುವವರಿಗೆ ಈ ಮರ ಆಗಿಬರುವುದಿಲ್ಲ.

ಒಲೆಯಲ್ಲಿ ಬೇಗ ಹತ್ತಿಕೊಳ್ಳುತ್ತದೆ, ಉರಿ ಚೆನ್ನಾಗಿ ಬರುತ್ತದೆ, ಕೆಂಡ ಮಾತ್ರ ನಿಲ್ಲುವುದಿಲ್ಲ. ರಾತ್ರಿ ತುಂಬಿಸಿ ಮಲಗಿದರೆ ಬೆಳಿಗ್ಗೆ ಬೂದಿ ಅಷ್ಟೇ. ಹಾಗಾಗಿ ಅಕ್ಟೋಬರ್, ಮಾರ್ಚಿನ ಸಣ್ಣ ಚಳಿಗೆ, ಸಂಜೆ ಒಂದೆರಡು ಗಂಟೆ ಮನೆ ಬೆಚ್ಚಗಾಗಲು ಇದನ್ನು ಇಟ್ಟುಕೊಂಡಿದ್ದೇನೆ. ಕಡು ಚಳಿಯ ರಾತ್ರಿಗೆ ಹಿಕರಿ, ಬ್ಲ್ಯಾಕ್ ಲೋಕಸ್ಟ್ ಬೇರೆ ರಾಶಿಯಲ್ಲಿವೆ. ಅಂಥ ಗಟ್ಟಿ ಸೌದೆ ನಿಮ್ಮಲ್ಲಿ ಬೇಕಾದಷ್ಟಿದ್ದರೆ ಸಿಕಮೋರಿಗೆ ಕೈ ಹಾಕುವ ಅಗತ್ಯವೇ ಇಲ್ಲ.

ಸ್ವಂತ ಜಾಗದಲ್ಲೇ ಬಿದ್ದಿದ್ದರೆ ತೊಡೆ ಗಾತ್ರದವರೆಗಿನ ಕೊಂಬೆಗಳನ್ನು ಒಲೆ ಅಳತೆಗೆ ಕೊಯ್ದು ಬಿಡಿ, ಅದರಲ್ಲಿ ಎಷ್ಟೋ ತುಂಡು ಸೀಳುವುದೇ ಬೇಡ ಅಥವಾ ಒಂದು ಸೀಳು ಸಾಕು. ದಪ್ಪದವಕ್ಕೆ ಯಂತ್ರ ಬಾಡಿಗೆ ತರುವುದಾದರೆ ಇದೊಂದಕ್ಕೇ ತರಬೇಡಿ. ಎಲ್ಮ್, ಸ್ವೀಟ್‌ಗಮ್ ಥರದ ಹಟಮಾರಿ ಮರಗಳನ್ನೂ ಅಕ್ಕಪಕ್ಕದವರ ಹತ್ತಿರ ಇರುವುದನ್ನೂ ಒಟ್ಟು ಮಾಡಿಟ್ಟುಕೊಂಡು, ಬಾಡಿಗೆ ಹಂಚಿಕೊಂಡು, ಒಂದೇ ದಿನ ಮುಗಿಸಿ.