ಕಾನೂನು ಗ್ರಂಥಾಲಯದ ಚರಿತ್ರೆಯನ್ನು ಕಪಾಟಿನಲ್ಲಿ ಹುಡುಕಿದ್ದು

ವಿಶ್ವವಿದ್ಯಾಲಯದ ಸ್ಮರಣ ಸಂಚಿಕೆಗೆ ಕಾನೂನು ಗ್ರಂಥಾಲಯದ ಇತಿಹಾಸ ಬರೆದುಕೊಡುವ ಕೆಲಸ ನನ್ನ ಪಾಲಿಗೆ ಬಂತು. ಹಳೆಯ ವಾರ್ಷಿಕ ವರದಿಗಳನ್ನು ತೆಗೆಸಿದರೆ ಅವುಗಳಲ್ಲಿದ್ದದ್ದು ಪುಸ್ತಕಗಳ ಒಟ್ಟು ಸಂಖ್ಯೆ ಮತ್ತು ಸಮಾರಂಭಕ್ಕೆ ಬಂದ ಗಣ್ಯರ ಹೆಸರು, ಅಷ್ಟೆ. ಯಾವ ಪುಸ್ತಕ ಎಲ್ಲಿಂದ, ಯಾಕೆ ಬಂತು ಎಂಬ ಸುದ್ದಿಯೇ ಇಲ್ಲ. ಬಂದ ಪುಸ್ತಕಗಳನ್ನು ಒಂದೊಂದಾಗಿ ದಾಖಲಿಸುವ ಅಕ್ಸೆಷನ್ ರಿಜಿಸ್ಟರುಗಳನ್ನು ಕೈಯಲ್ಲಿ ಹಿಡಿದು ಕಪಾಟುಗಳ ನಡುವೆಯೇ ಕೆಲಸ ಶುರು ಮಾಡಿದೆ.

ರಿಜಿಸ್ಟರಿನಲ್ಲಿ ನನ್ನ ಕಣ್ಣು ಮೊದಲು ಹೋಗುತ್ತಿದ್ದದ್ದು ಪುಸ್ತಕ ಬಂದ ಮೂಲದ ಕಾಲಮಿಗೆ. ಕೊಂಡದ್ದಾದರೆ ಬಿಲ್ ನಂಬರ್ ಇರುತ್ತದೆ, ಇಲ್ಲವಾದರೆ ‘ದಾನ’. ನಮ್ಮ ಹಳೆಯ ಲಾ ರಿಪೋರ್ಟುಗಳಲ್ಲಿ, ಅಂದರೆ ಕೋರ್ಟಿನ ತೀರ್ಪುಗಳನ್ನು ಅಚ್ಚು ಹಾಕಿದ ಸಂಪುಟಗಳಲ್ಲಿ, ಬಹುಪಾಲು ದಾನದವೇ. ಹಿರಿಯ ವಕೀಲರು ತೀರಿಕೊಂಡು, ಮಕ್ಕಳು ಬೇರೆ ಕಸುಬು ಹಿಡಿದಿದ್ದರೆ, ಆಫೀಸು ಖಾಲಿ ಮಾಡುವಾಗ ನಮ್ಮನ್ನು ಕರೆದು ಕೊಡುತ್ತಾರೆ. ಹಾಗಾಗಿ ಗ್ರಂಥಾಲಯ ಯಾವ ರೂಪ ಪಡೆಯಬೇಕೆಂದು ತೀರ್ಮಾನಿಸಿದ್ದು ಯಾವ ಸಮಿತಿಯೂ ಅಲ್ಲ. ಆ ವಕೀಲರು ಯಾವ ಕೋರ್ಟಿನಲ್ಲಿ ವಾದ ಮಾಡುತ್ತಿದ್ದರು ಎಂಬುದು.

ಇದು ಕಣ್ಣಿಗೆ ಹೊಡೆದು ಕಾಣುವುದು ಇಂಡಿಯನ್ ಲಾ ರಿಪೋರ್ಟ್ಸ್ ಸಾಲಿನಲ್ಲಿ. 1875ರ ಕಾಯ್ದೆಯ ಬೆನ್ನಿಗೆ 1876ರಲ್ಲಿ ಕಲ್ಕತ್ತಾ, ಮದರಾಸು, ಬಾಂಬೆ, ಅಲಹಾಬಾದ್ ಹೈಕೋರ್ಟುಗಳ ಸರಣಿಗಳು ಶುರುವಾದವು. ಧಾರವಾಡದ ವಕೀಲರಿಗೆ ಬೇಕಾಗಿದ್ದದ್ದು ಬಾಂಬೆ, ಮಂಗಳೂರಿನವರಿಗೆ ಮದರಾಸು. ಹಳೇ ಮೈಸೂರಿನವರಿಗೆ 1884ರಿಂದ ತಮ್ಮದೇ ಚೀಫ್ ಕೋರ್ಟ್ ಇತ್ತು, 1930ರಲ್ಲಿ ಅದು ಹೈಕೋರ್ಟ್ ಆಯಿತು. ಕಲಬುರಗಿಯ ಕಡೆ ನಿಜಾಮರ ಕೋರ್ಟಿನ ಭಾಷೆ ಉರ್ದು. ನಮ್ಮಲ್ಲಿ ಬಾಂಬೆ, ಮದರಾಸು ಸರಣಿಗಳು ಎರಡೂ 1956ರ ಆಸುಪಾಸಿನಲ್ಲಿ ನಿಂತುಬಿಡುತ್ತವೆ. ಹಿಂದಿನವರು ಇದನ್ನು ‘ಅಪೂರ್ಣ’ ಎಂದು ಷರಾ ಬರೆದಿಟ್ಟಿದ್ದರು. ಆ ವರ್ಷದ ನವೆಂಬರ್ 1ರಂದು ರಾಜ್ಯ ಒಂದಾಗಿ, ಆ ಜಿಲ್ಲೆಗಳ ಮೇಲ್ಮನವಿಗಳು ಬೆಂಗಳೂರಿನ ದಾರಿ ಹಿಡಿದವು. ಮುಂದಿನ ಸಂಪುಟಗಳನ್ನು ಆ ವಕೀಲರು ಯಾಕಾದರೂ ಕೊಳ್ಳಬೇಕು? ಆ ಷರಾವನ್ನು ನಾನು ತೆಗೆದುಹಾಕಿಸಿದೆ. ಮಂಗಳೂರಿನಿಂದ ಬಂದ ಮದರಾಸು ಸಂಪುಟಗಳಲ್ಲಿ ಅಳಿಯಸಂತಾನದ (ತಾಯಿಯ ಕಡೆಯಿಂದ ಆಸ್ತಿ ಹರಿಯುವ ಪದ್ಧತಿ) ತೀರ್ಪುಗಳಿರುವ ಪುಟಗಳೇ ಹೆಚ್ಚು ಮಾಸಿವೆ. ಅಂಚಿನಲ್ಲಿ ಪೆನ್ಸಿಲಿನ ಸಣ್ಣ ಬರಹ, ಕೆಲವು ಕಡೆ ಎರಡು ಬೇರೆ ಬೇರೆ ಕೈಗಳದ್ದು. ಅವನ್ನು ಅಳಿಸಬಾರದೆಂದು ಸಿಬ್ಬಂದಿಗೆ ಖಡಾಖಂಡಿತವಾಗಿ ಹೇಳಿದ್ದೇನೆ.

ಎಐಆರ್, ಅಂದರೆ ಆಲ್ ಇಂಡಿಯಾ ರಿಪೋರ್ಟರ್, ಅದರ ಕಥೆ ಬೇರೆ. 1914ರಿಂದೀಚಿನ ತೀರ್ಪುಗಳಿರುವ ಈ ಸರಣಿಯ ಹಳೆಯ ಸಾಲಿನಲ್ಲಿ ಲಾಹೋರ್, ಸಿಂಧ್, ರಂಗೂನ್ ಎಲ್ಲವೂ ಇವೆ. ಸಂಪುಟದ ಬೆನ್ನಿನ ಮೇಲೆ ‘ಮೈಸೂರು’ ಎಂದಿದ್ದದ್ದು 1974ರಿಂದ ‘ಕರ್ನಾಟಕ’ ಆಗುತ್ತದೆ. ಹೊಸ ವಿದ್ಯಾರ್ಥಿಗಳು ಹಳೆಯ ತೀರ್ಪನ್ನು ‘ಕ’ ಅಕ್ಷರದ ಕಪಾಟಿನಲ್ಲಿ ಹುಡುಕಿ ಬರಿಗೈಲಿ ಬರುತ್ತಾರೆ. ಅದಕ್ಕೇ ಎರಡನ್ನೂ ಒಂದೇ ಸಾಲಿಗೆ ತಂದೆ. ನಿಜವಾದ ತಲೆನೋವು ಬೈಂಡಿಂಗ್. ತಿಂಗಳ ಸಂಚಿಕೆಯೊಳಗೆ ಒಂದೊಂದು ಕೋರ್ಟಿನದೂ ಬೇರೆ ವಿಭಾಗ, ಬೇರೆ ಪುಟಸಂಖ್ಯೆ. ಸಂಚಿಕೆಗಳನ್ನು ಹಾಗೆಯೇ ಒಂದರ ಮೇಲೊಂದು ಪೇರಿಸಿ ಹೊಲಿದರೆ ಸಂಪುಟ ನೋಡಲು ಚೆಂದ, ಬಳಕೆಗೆ ಶೂನ್ಯ. ಪ್ರತಿ ಸಂಚಿಕೆಯನ್ನು ಬಿಚ್ಚಿ, ಕೋರ್ಟುವಾರು ಬೇರ್ಪಡಿಸಿ, ಪುಟ ಎಣಿಸಿ, ಆಮೇಲೆ ಹೊಲಿಯಬೇಕು. ಬೈಂಡರ್ ಪಕ್ಕದಲ್ಲೇ ಕೂತು ಇದನ್ನು ಮಾಡಿಸಿದೆ. ಅವರಿಗೆ ನನ್ನ ಮೇಲೆ ಸಾಕಷ್ಟು ಕಿರಿಕಿರಿಯೂ ಆಯಿತು. ಚರ್ಮದ ಹಳೆಯ ರಟ್ಟುಗಳು ಮುಟ್ಟಿದರೆ ಕೆಂಪು ಪುಡಿ ಉದುರಿಸುತ್ತಿದ್ದವು. ಅವುಗಳಿಗೆ ಎಣ್ಣೆ ಹಚ್ಚುವ ಅಭ್ಯಾಸ ನಿಲ್ಲಿಸಿ, ಕಾಗದ ಸುತ್ತಿ ಹತ್ತಿ ಪಟ್ಟಿ ಕಟ್ಟಿಸಿದೆ.

2024ರ ಜುಲೈ 1ರಂದು ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದದ್ದೇ ತಡ, ಅದು ತೆರವು ಮಾಡಿದ ಭಾರತೀಯ ದಂಡ ಸಂಹಿತೆಯ (ಐಪಿಸಿ) ಪುಸ್ತಕಗಳನ್ನು ರದ್ದಿಗೆ ಹಾಕಿ ಜಾಗ ಮಾಡಿ ಎಂಬ ಒತ್ತಾಯ ಬಂತು. ಅದಕ್ಕೂ ಮುಂಚೆ ನಡೆದ ಅಪರಾಧಕ್ಕೆ ಇಂದಿಗೂ ಐಪಿಸಿಯೇ ಅನ್ವಯ ಎಂದು ಬರೆದು ಕಡತ ವಾಪಸು ಕಳಿಸಿದೆ. ಕಾನೂನು ಕಾಲೇಜುಗಳಲ್ಲಿ ನಿಯತಕಾಲಿಕಗಳ ಹಿಂದಿನ ಸಂಪುಟಗಳು ಕನಿಷ್ಠ 10 ವರ್ಷದವಾದರೂ ಇರಬೇಕು ಎನ್ನುತ್ತದೆ ಬಾರ್ ಕೌನ್ಸಿಲಿನ ನಿಯಮ. ತಪಾಸಣೆಗೆ ಅದು ಸಾಕು, ಆಸ್ತಿ ಪಾಲಿನ ದಾವೆಗೆ ಸಾಲದು. 1933ರ ಮೈಸೂರು ಹಿಂದೂ ಮಹಿಳಾ ಹಕ್ಕುಗಳ ಕಾಯ್ದೆಯನ್ನು ಕೇಳಿಕೊಂಡು ಈಗಲೂ ಜೂನಿಯರ್ ವಕೀಲರು ಬರುತ್ತಾರೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಮುಂಚೆ ತೀರಿಕೊಂಡ ಅಜ್ಜನ ಜಮೀನಿನಲ್ಲಿ ಅಜ್ಜಿಗೆ ಎಷ್ಟು ಪಾಲಿತ್ತು ಎಂಬ ಪ್ರಶ್ನೆ ಎದ್ದರೆ ಉತ್ತರಕ್ಕೆ ಆ ಕಾಯ್ದೆ ಮತ್ತು ಅಂದಿನ ಮೈಸೂರಿನ ತೀರ್ಪುಗಳೇ ಬೇಕು.

ಹಾಗೆಂದು ನಾನು ಎಲ್ಲವನ್ನೂ ತಬ್ಬಿಕೊಂಡು ಕೂತವನಲ್ಲ. ಸುಪ್ರೀಂ ಕೋರ್ಟು 2023ರಲ್ಲಿ ತನ್ನ ವರದಿಗಳನ್ನು ಇ-ಎಸ್‌ಸಿಆರ್ ಎಂಬ ಆನ್‌ಲೈನ್ ವ್ಯವಸ್ಥೆಯ ಮೂಲಕ ಎಲ್ಲರಿಗೂ ಉಚಿತವಾಗಿ ತೆರೆದಿಟ್ಟ ಮೇಲೆ ಆ ಸರಣಿಯ ಹೆಚ್ಚುವರಿ ಪ್ರತಿಗಳನ್ನು ಬೇರೆ ಕಾಲೇಜುಗಳಿಗೆ ಕೊಡಿಸಿದೆ. ಗೆಜೆಟ್ಟಿನ ಹಳೆಯ ಅಧಿಸೂಚನೆ, ರದ್ದಾದ ರಾಜ್ಯ ನಿಯಮ, ತಿದ್ದುಪಡಿಗೆ ಮುಂಚಿನ ಪಠ್ಯ ಇಂಥವನ್ನು ಮಾತ್ರ ಕೈಬಿಡಲಿಲ್ಲ.

ಸಂಚಿಕೆಯವರು ನನ್ನ ಲೇಖನವನ್ನು ಕತ್ತರಿಸಿ ಫೋಟೋಗಳಿಗೆ ಜಾಗ ಮಾಡಿದರು. ಯಾವ ಸರಣಿಯಲ್ಲಿ ಯಾವ ಸಂಪುಟ ಇಲ್ಲ ಎಂಬ ಪಟ್ಟಿಯನ್ನಂತೂ ಅವರು ಮುಟ್ಟಲೇ ಇಲ್ಲ. ಅದರ ಒಂದು ಪ್ರತಿ ಕೌಂಟರಿನಲ್ಲಿದೆ, ಇನ್ನೊಂದನ್ನು ವಕೀಲರ ಸಂಘಕ್ಕೆ ಕಳಿಸಿದ್ದೇನೆ. ಮೈಸೂರು ಚೀಫ್ ಕೋರ್ಟ್ ವರದಿಗಳ ಬಿಡಿ ಸಂಪುಟಗಳು ಯಾರ ಮನೆಯಲ್ಲಿದ್ದರೂ ತರಲು ನಾವೇ ಗಾಡಿ ಕಳಿಸುತ್ತೇವೆ.