ಕೀಲಿನ ನೀರಿನ ಪರೀಕ್ಷೆ: ನನ್ನ ಅನುಭವ

ದಾವಣಗೆರೆಯ ನನ್ನ ಪ್ರಯೋಗಾಲಯಕ್ಕೆ ದಿನವೂ ಬರುವ ರಕ್ತ, ಮೂತ್ರದ ಮಾದರಿಗಳ ನಡುವೆ ಕೀಲಿನ ನೀರು (ಊದಿದ ಕೀಲಿನಿಂದ ಸೂಜಿ ಹಾಕಿ ತೆಗೆದ ದ್ರವ) ಬರುವುದು ವಾರಕ್ಕೆ ಒಂದೋ ಎರಡೋ ಸಲ. ಬಂದಾಗ ಮಾತ್ರ ಉಳಿದ ಕೆಲಸವನ್ನು ಬದಿಗಿಟ್ಟು ಮೊದಲು ಅದನ್ನೇ ಕೈಗೆತ್ತಿಕೊಳ್ಳುತ್ತೇನೆ. ಕೀವಾದ ಕೀಲಿನಲ್ಲಿ ಮೂಳೆಯ ತುದಿಯನ್ನು ಹೊದ್ದಿರುವ ಮೃದ್ವಸ್ಥಿ ಕೆಲವೇ ದಿನಗಳಲ್ಲಿ ಹಾಳಾಗುತ್ತದೆ, ಹಾಳಾದದ್ದು ಮೊದಲಿನಂತೆ ಬೆಳೆಯುವುದಿಲ್ಲ. ಅಲ್ಲದೆ, ತೆಗೆದಿಟ್ಟ ನೀರಿನಲ್ಲಿ ಹೊತ್ತು ಕಳೆದಂತೆ ಬಿಳಿ ರಕ್ತಕಣಗಳು ಒಡೆದು ಎಣಿಕೆಯೂ ತಪ್ಪುತ್ತದೆ.

ಆರಂಭದ ದಿನಗಳಲ್ಲಿ ನಾನೇ ಮಾಡಿದ ಒಂದು ತಪ್ಪು ಈಗಲೂ ನೆನಪಿದೆ. ಮಂಡಿಯಿಂದ ತೆಗೆದ ನೀರು ಅಕ್ಕಿ ತೊಳೆದ ನೀರಿನಂತೆ ಕದಡಿತ್ತು, ಆದರೆ ನನ್ನ ಎಣಿಕೆಯಲ್ಲಿ ಬಿಳಿ ಕಣಗಳು ತೀರಾ ಕಡಿಮೆ ಬಂದವು. ಅನುಮಾನಗೊಂಡು ಎಣಿಕೆಯ ಚೇಂಬರನ್ನು ಮತ್ತೆ ಸೂಕ್ಷ್ಮದರ್ಶಕದಡಿ ಇಟ್ಟಾಗ, ಲೋಳೆಯ ಎಳೆಗಳಲ್ಲಿ ಕಣಗಳು ಗೊಂಚಲು ಗೊಂಚಲಾಗಿ ಸಿಕ್ಕಿಕೊಂಡಿದ್ದವು. ರಕ್ತಕ್ಕೆ ಬಳಸುವ ಅಸಿಟಿಕ್ ಆಮ್ಲದ ದ್ರಾವಣವನ್ನೇ ಇದಕ್ಕೂ ಬೆರೆಸಿದ್ದೆ. ಆ ಆಮ್ಲ ತಾಗಿದೊಡನೆ ಕೀಲಿನ ನೀರಿಗೆ ಅಂಟುತನ ಕೊಡುವ ಹಯಲುರಾನಿಕ್ ಆಮ್ಲ ಪ್ರೋಟೀನಿನೊಡನೆ ಸೇರಿ ಹೆಪ್ಪುಗಟ್ಟುತ್ತದೆ. ನಾರ್ಮಲ್ ಸಲೈನಿನಲ್ಲಿ ತೆಳುಗೊಳಿಸಿ ಮತ್ತೆ ಎಣಿಸಿದಾಗ ಸಂಖ್ಯೆ 60,000 ದಾಟಿತು. ಅಂದಿನಿಂದ ಕೀಲಿನ ನೀರಿಗೆ ಸಲೈನ್ ಬಿಟ್ಟು ಬೇರೇನನ್ನೂ ಬೆರೆಸಿಲ್ಲ.

ಟ್ಯೂಬಿನ ವಿಷಯದಲ್ಲಿಯೂ ಅಷ್ಟೇ ಎಚ್ಚರ ಬೇಕು. ಮಾದರಿ ಹೆಪ್ಪುಗಟ್ಟದಂತೆ ಟ್ಯೂಬಿನಲ್ಲಿ ಹಾಕಿಡುವ ರಾಸಾಯನಿಕಗಳಲ್ಲಿ ಪುಡಿ ರೂಪದ ಇಡಿಟಿಎ, ಲಿಥಿಯಂ ಹೆಪಾರಿನ್ ಮತ್ತು ಆಕ್ಸಲೇಟ್ ಸೂಕ್ಷ್ಮದರ್ಶಕದಡಿ ತಾವೇ ರೋಗದ ಹರಳುಗಳಂತೆ ಕಾಣಿಸಿಕೊಂಡು ದಾರಿ ತಪ್ಪಿಸುತ್ತವೆ. ಆದ್ದರಿಂದ ದ್ರವರೂಪದ ಇಡಿಟಿಎ ಅಥವಾ ಸೋಡಿಯಂ ಹೆಪಾರಿನ್ ಇರುವ ಟ್ಯೂಬನ್ನು ನಾನೇ ಕಳುಹಿಸಿಕೊಡುತ್ತೇನೆ. ಕಲ್ಚರಿಗೆ, ಅಂದರೆ ರೋಗಾಣುವನ್ನು ಬೆಳೆಸಿ ನೋಡುವ ಪರೀಕ್ಷೆಗೆ, ಬೇಕಾದ ಪಾಲನ್ನು ರೋಗಿಯ ಪಕ್ಕದಲ್ಲಿಯೇ ಬ್ಲಡ್ ಕಲ್ಚರ್ ಬಾಟಲಿಗೆ ಹಾಕುವಂತೆ ವೈದ್ಯರನ್ನು ಕೇಳಿಕೊಳ್ಳುತ್ತೇನೆ.

ಆರೋಗ್ಯವಂತ ಕೀಲಿನ ನೀರು ತಿಳಿ ಹಳದಿಯಾಗಿದ್ದು, ಟ್ಯೂಬಿನ ಹಿಂದೆ ಹಿಡಿದ ಪತ್ರಿಕೆಯ ಅಕ್ಷರಗಳನ್ನು ಓದಬಹುದು. ಸಿರಿಂಜಿನ ತುದಿಯಿಂದ ಬಿಟ್ಟ ಹನಿ ಜೇನಿನಂತೆ ಮೂರು ನಾಲ್ಕು ಸೆಂಟಿಮೀಟರ್ ಎಳೆಯಾಗಿ ಇಳಿಯುತ್ತದೆ. ಉರಿಯೂತವಿದ್ದರೆ ಆ ಅಂಟು ಹೋಗಿ ಬರಿಯ ನೀರಿನಂತೆ ತೊಟ್ಟಿಕ್ಕುತ್ತದೆ. ಮೈಕ್ರೋಲೀಟರಿಗೆ ಬಿಳಿ ಕಣಗಳು 200ರೊಳಗಿದ್ದರೆ ಸಹಜ, 2,000ದವರೆಗೆ ಸಾಮಾನ್ಯವಾಗಿ ಕೀಲಿನ ಸವೆತ, ಅಲ್ಲಿಂದ 50,000ದವರೆಗೆ ಉರಿಯೂತ, ಅದನ್ನೂ ಮೀರಿ, ಬಿಳಿ ಕಣಗಳಲ್ಲೇ ಒಂದು ಬಗೆಯಾದ ನ್ಯೂಟ್ರೊಫಿಲ್‌ಗಳು ಶೇ. 90ರಷ್ಟಿದ್ದರೆ ಸೋಂಕಿನ ಶಂಕೆ ಬಲವಾಗುತ್ತದೆ. ಆದರೆ ಸಂಖ್ಯೆಯೊಂದನ್ನೇ ನಂಬಲಾಗದು: ಯೂರೇಟ್ ಹರಳುಗಳು ಕೀಲಿನಲ್ಲಿ ಸೇರಿ ನೋವು ಕೊಡುವ ಗೌಟ್ ಕೂಡ 50,000 ದಾಟಿಸಬಲ್ಲದು, ರೋಗನಿರೋಧಕ ಶಕ್ತಿ ಕುಂದಿದವರಲ್ಲಿ ಸೋಂಕಿದ್ದರೂ ಎಣಿಕೆ ಕೆಳಗೇ ಉಳಿಯಬಹುದು.

ಗೌಟ್ ರೋಗಿಗಳ ಕೀಲಿನ ನೀರಿನಲ್ಲಿರುವ ಯೂರೇಟ್ ಹರಳುಗಳನ್ನು ಧ್ರುವೀಕೃತ ಬೆಳಕಿನಲ್ಲಿ (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕು) ಗುರುತಿಸಿ ತೋರಿಸಿದವರು ಮೆಕಾರ್ಟಿ ಮತ್ತು ಹೊಲಾಂಡರ್, 1961ರಲ್ಲಿ. ದುಬಾರಿ ಸೂಕ್ಷ್ಮದರ್ಶಕ ಕೊಳ್ಳಲಾಗದ ನಾನು ಇದ್ದ ಸೂಕ್ಷ್ಮದರ್ಶಕಕ್ಕೇ ಎರಡು ಪೋಲರೈಸಿಂಗ್ ಫಿಲ್ಮ್ ತುಂಡುಗಳನ್ನು ಹೊಂದಿಸಿ, ಪಾರದರ್ಶಕ ಸೆಲೋಟೇಪಿನ ಎರಡು ಪದರ ಅಂಟಿಸಿದ ಸ್ಲೈಡನ್ನು ಹರಳುಗಳಿಗೆ ಬಣ್ಣ ಬರಿಸುವ ಕಾಂಪೆನ್ಸೇಟರಿನಂತೆ ಬಳಸಿಕೊಂಡೆ. ಗೌಟ್ ಗಂಟಿನಿಂದ ತೆಗೆದ ಯೂರೇಟನ್ನು ಮೊದಲು ನೋಡಿ ಬಣ್ಣಗಳನ್ನು ಖಚಿತಪಡಿಸಿಕೊಂಡ ಮೇಲೆಯೇ ರೋಗಿಗಳ ಸ್ಲೈಡಿಗೆ ಕೈಹಾಕಿದ್ದು. ಕಾಂಪೆನ್ಸೇಟರಿನ ನಿಧಾನ ಅಕ್ಷಕ್ಕೆ (ಆ ದಿಕ್ಕಿನಲ್ಲಿ ಕಂಪಿಸುವ ಬೆಳಕು ನಿಧಾನವಾಗಿ ಸಾಗುತ್ತದೆ) ಸಮಾಂತರವಾಗಿ ಮಲಗಿದ ಯೂರೇಟ್ ಸೂಜಿ ಹಳದಿಯಾಗಿಯೂ ಅಡ್ಡಲಾಗಿ ಮಲಗಿದ್ದು ನೀಲಿಯಾಗಿಯೂ ಹೊಳೆಯುತ್ತದೆ. ಗೌಟಿನಂಥದ್ದೇ ಇನ್ನೊಂದು ಕೀಲುನೋವು ತರುವ ಕ್ಯಾಲ್ಸಿಯಂ ಪೈರೊಫಾಸ್ಫೇಟಿನ ಗಿಡ್ಡ ಹರಳುಗಳಲ್ಲಿ ಬಣ್ಣ ಅದಲುಬದಲು, ಹೊಳಪೂ ಮಂದ.

ಜಗಳೂರು ಕಡೆಯ ರೈತರೊಬ್ಬರ ಮಂಡಿಯ ನೀರಿನಲ್ಲಿ ನ್ಯೂಟ್ರೊಫಿಲ್‌ಗಳನ್ನು ಚುಚ್ಚಿಕೊಂಡಂತೆ ಸೂಜಿಗಳು ಸ್ಪಷ್ಟವಾಗಿ ಕಂಡಿದ್ದವು. "ಹರಳು ಸಿಕ್ಕಿತಲ್ಲ ಸರ್, ಗೌಟ್ ಅಂತ ಬರೆದುಬಿಡಿ" ಎಂದರು ಮೂಳೆ ವೈದ್ಯರು. ಬ್ಯಾಕ್ಟೀರಿಯಾಗಳಿಗೆ ಬಣ್ಣ ಹಚ್ಚಿ ನೋಡುವ ಗ್ರಾಂ ಸ್ಟೇನಿನಲ್ಲಿ ನನಗೆ ಯಾವ ಬ್ಯಾಕ್ಟೀರಿಯಾವೂ ಕಂಡಿರಲಿಲ್ಲ, ಆದರೆ ಸೋಂಕಿದ್ದೂ ಆ ಪರೀಕ್ಷೆ ಖಾಲಿ ಬರುವುದು ಅಪರೂಪವಲ್ಲ. ರೋಗಿಗೆ ಚಳಿಜ್ವರವೂ ಇದ್ದುದರಿಂದ "ಹರಳುಗಳಿವೆ, ಸೋಂಕನ್ನು ತಳ್ಳಿಹಾಕುವಂತಿಲ್ಲ, ಕಲ್ಚರ್ ಬರುವವರೆಗೆ ಸ್ಟಿರಾಯ್ಡ್ ಚುಚ್ಚುಮದ್ದು ಬೇಡ" ಎಂದು ಬರೆದೆ. ಎರಡನೆಯ ದಿನ ಸ್ಟೆಫೈಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ ಬೆಳೆಯಿತು. ಕೀಲನ್ನು ತೊಳೆದರು, ಅವರು ಇಂದಿಗೂ ಹೊಲಕ್ಕೆ ನಡೆದೇ ಹೋಗುತ್ತಾರೆ.

ನಮ್ಮ ಭಾಗದಲ್ಲಿ ರೋಗಿಯ ಕಸುಬನ್ನು ಕೇಳಲೇಬೇಕು. ಚಳ್ಳಕೆರೆ ಕಡೆಯ ಕುರಿಗಾಹಿಗಳಲ್ಲಿ, ಕಾಯಿಸದ ಹಾಲು ಕುಡಿದವರಲ್ಲಿ, ಕಂದು ಹಾಕಿದ ಕುರಿಯ ಕಸವನ್ನು (ಮಾಸುಚೀಲ) ಬರಿಗೈಯಲ್ಲಿ ಎತ್ತಿದವರಲ್ಲಿ ದನ-ಕುರಿಗಳಿಂದ ಹರಡುವ ಬ್ರುಸೆಲ್ಲಾ ಬ್ಯಾಕ್ಟೀರಿಯಾ ಕೀಲಿಗೆ ಇಳಿದಿರಬಹುದು. ಅದು ನಿಧಾನವಾಗಿ ಬೆಳೆಯುವುದಲ್ಲದೆ ಪ್ರಯೋಗಾಲಯದವರಿಗೂ ತಗಲುವ ರೋಗಾಣು. ಮೊದಲೇ ತಿಳಿಸಿದರೆ ಬಾಟಲಿಯನ್ನು ಹೆಚ್ಚು ದಿನ ಇಟ್ಟು, ಸುರಕ್ಷಿತ ಕ್ಯಾಬಿನೆಟ್ಟಿನೊಳಗೇ ತೆರೆಯಬಹುದು. ತಿಂಗಳುಗಟ್ಟಲೆ ಒಂದೇ ಕೀಲು ಊದಿದ್ದರೆ ಕ್ಷಯದ ಪರೀಕ್ಷೆಗೂ ಕಳುಹಿಸುತ್ತೇನೆ. ಹುಡುಗನೊಬ್ಬನ ಕೀಲು ಪದೇ ಪದೇ ಊದುತ್ತಿದ್ದರೆ ಸೂಜಿ ಹಾಕುವ ಮೊದಲು ರಕ್ತ ಬೇಗ ಹೆಪ್ಪುಗಟ್ಟದ ಹಿಮೋಫಿಲಿಯಾ ಇದೆಯೇ ಎಂದು ವಿಚಾರಿಸಲು ಹೇಳುತ್ತೇನೆ; ಕರ್ನಾಟಕ ಹಿಮೋಫಿಲಿಯಾ ಸೊಸೈಟಿ ನಮ್ಮ ದಾವಣಗೆರೆಯಲ್ಲಿಯೇ ಇರುವುದು ಅಂಥ ಕುಟುಂಬಗಳಿಗೆ ದೊಡ್ಡ ಆಸರೆ.

ಮಾದರಿಯ ಜೊತೆ ಬರುವ ಚೀಟಿಯಲ್ಲಿ, ನೀರು ತೆಗೆಯುವ ಮೊದಲೇ ಆ್ಯಂಟಿಬಯೋಟಿಕ್ ಕೊಡಲಾಗಿತ್ತೇ ಎಂಬ ಪ್ರಶ್ನೆಯನ್ನೂ ಸೇರಿಸಿದ್ದೇನೆ. ಕೊಟ್ಟಿದ್ದರೆ, ಕಲ್ಚರಿನಲ್ಲಿ ಏನೂ ಬೆಳೆಯದಿದ್ದಾಗ ಆ ಸಂಗತಿಯನ್ನೂ ಫಲಿತಾಂಶದ ಕೆಳಗೆ ತಪ್ಪದೆ ನಮೂದಿಸುತ್ತೇನೆ.