ಪುಣೆಯ ಸಂದರ್ಶನ ಮುಗಿದ ಮೇಲೆ: ಮೆಡಿಕಲ್ ಸೀಟಿಗೆ ಕಾದ ನನ್ನ ಅನುಭವ

ಎಂಬಿಬಿಎಸ್ ಸೀಟಿಗೆ ಸಂದರ್ಶನವಾ ಎಂದು ನಮ್ಮೂರಲ್ಲಿ ಈಗಲೂ ಕೇಳುತ್ತಾರೆ. ಕೇಳುವುದು ಸಹಜ. ಕರ್ನಾಟಕದಲ್ಲಿ ಕೆಇಎ, ಅಂದರೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಸೀಟು ಹಂಚುವುದು ವೈದ್ಯಕೀಯ ಪ್ರವೇಶ ಪರೀಕ್ಷೆಯಾದ ನೀಟ್ ರ‍್ಯಾಂಕ್ ನೋಡಿ. ಎದುರು ಕೂರಿಸಿ ಪ್ರಶ್ನೆ ಕೇಳುವ ಪದ್ಧತಿ ಅಲ್ಲಿಲ್ಲ. ಆದರೆ ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜು, ಅಂದರೆ ಎಎಫ್‌ಎಂಸಿ, ಹಾಗಲ್ಲ. ನೀಟ್ ಅಂಕ ನೋಡಿ ಮೊದಲು ಒಂದು ಪಟ್ಟಿ ಮಾಡುತ್ತಾರೆ. ಆ ಪಟ್ಟಿಯಲ್ಲಿದ್ದವರು ಪುಣೆಗೆ ಹೋಗಬೇಕು. ಅಲ್ಲಿ ಇಂಗ್ಲಿಷ್ ಮತ್ತು ತರ್ಕದ ಪರೀಕ್ಷೆ, ಮನೋವೈಜ್ಞಾನಿಕ ಪರೀಕ್ಷೆ, ಸಂದರ್ಶನ, ವೈದ್ಯಕೀಯ ತಪಾಸಣೆ ಎಲ್ಲ ಇರುತ್ತದೆ. ಅದೆಲ್ಲ ಮುಗಿಸಿ ಮನೆಗೆ ಬಂದ ಮೇಲೆ ಮೆರಿಟ್ ಪಟ್ಟಿಗೆ ಕಾಯಬೇಕು. ತಯಾರಿ ಮಾಡಿಸುವವರು ಬೇಕಾದಷ್ಟು ಜನ ಇದ್ದಾರೆ. ಕಾಯುವ ದಿನಗಳಲ್ಲಿ ಏನು ಮಾಡಬೇಕು ಎಂದು ಹೇಳುವವರು ನನಗೆ ಸಿಗಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನ್ನ ಮನೆ ಉಡುಪಿ ಜಿಲ್ಲೆಯ ಶಂಕರಪುರದ ಹತ್ತಿರ. ಹತ್ತನೇ ಕ್ಲಾಸಿನವರೆಗೆ ಊರಿನ ಕನ್ನಡ ಮಾಧ್ಯಮ ಶಾಲೆ, ಪಿಯುಸಿ ಮೂಡುಬಿದಿರೆಯಲ್ಲಿ. ಈಗ ಮೈಸೂರಿನಲ್ಲಿ ಎಂಬಿಬಿಎಸ್ ಓದುತ್ತಿದ್ದೇನೆ.

ಎಎಫ್‌ಎಂಸಿಯಲ್ಲಿ ನಮ್ಮ ದೇಶದ ಅಭ್ಯರ್ಥಿಗಳಿಗೆ ಇರುವುದು 145 ಸೀಟು. ಅದರಲ್ಲಿ 115 ಹುಡುಗರಿಗೆ, 30 ಹುಡುಗಿಯರಿಗೆ. ಇಡೀ ದೇಶಕ್ಕೆ 30. ಈ ಸಂಖ್ಯೆಯನ್ನು ನಾನು ಮೊದಲ ದಿನವೇ ಮನಸ್ಸಿನಲ್ಲಿ ಇಟ್ಟುಕೊಂಡೆ. ಆಸೆ ಬಿಡುವುದಕ್ಕಲ್ಲ, ಲೆಕ್ಕ ಸರಿಯಾಗಿ ತಿಳಿದಿರಲಿ ಎಂದು. ಅಲ್ಲಿ ಓದು ಉಚಿತ. ಮುಗಿದ ಮೇಲೆ ಸೇನೆಯ ವೈದ್ಯಕೀಯ ವಿಭಾಗದಲ್ಲಿ ಅಧಿಕಾರಿಯಾಗಿ ಸೇವೆ ಮಾಡಲೇಬೇಕು, ಅದಕ್ಕೆ ಬಾಂಡ್ ಬರೆದುಕೊಡಬೇಕು. ಹಾಗಾಗಿ ಪುಣೆಗೆ ಹೋಗುವ ಮೊದಲೇ ಅಪ್ಪ ನನ್ನನ್ನು ದೊಡ್ಡಪ್ಪನ ಮನೆಗೆ ಕರೆದುಕೊಂಡು ಹೋದರು. ದೊಡ್ಡಪ್ಪ ಸೇನೆಯಲ್ಲಿದ್ದು ಹವಾಲ್ದಾರ್ ಆಗಿ ನಿವೃತ್ತರಾದವರು. ಅವರು ಹೊಗಳಲೂ ಇಲ್ಲ, ಹೆದರಿಸಲೂ ಇಲ್ಲ. "ಎಲ್ಲಿಗೆ ಹಾಕಿದರೆ ಅಲ್ಲಿಗೆ ಹೋಗಬೇಕು. ಮನೆಯಲ್ಲಿ ಎಂತ ಆದರೂ ರಜೆ ಸಿಕ್ಕಿದರೆ ಮಾತ್ರ ಬರ್ಲಿಕ್ಕೆ ಆಗುವುದು. ಅದು ಒಪ್ಪಿಗೆಯಾದರೆ ಮಾತ್ರ ಹೋಗು ಮಗಾ" ಅಂದರು. ಆ ರಾತ್ರಿ ನಾನು, ಅಪ್ಪ, ಅಮ್ಮ ಕೂತು ಮಾತಾಡಿ, ಸೀಟು ಸಿಕ್ಕರೆ ಹೋಗುವುದು ಎಂದು ತೀರ್ಮಾನ ಮಾಡಿದೆವು. ಇದರಿಂದ ನನಗೆ ತುಂಬಾ ಉಪಕಾರ ಆಯಿತು. ಫಲಿತಾಂಶಕ್ಕೆ ಕಾಯುವಾಗ "ಬಂದರೆ ಹೋಗುವುದಾ ಬೇಡವಾ" ಎಂಬ ಎರಡನೇ ಚಿಂತೆ ಇರಲಿಲ್ಲ. ನನ್ನ ಜೊತೆ ಸಂದರ್ಶನಕ್ಕೆ ಬಂದಿದ್ದ ಕೆಲವರಿಗೆ ಅದೇ ದೊಡ್ಡ ಸಂಕಟವಾಗಿತ್ತು.

ಪುಣೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಇಂಗ್ಲಿಷ್ ಮತ್ತು ತರ್ಕದ ಪರೀಕ್ಷೆ ಅರ್ಧ ಗಂಟೆಯದ್ದು, 40 ಪ್ರಶ್ನೆ, 80 ಅಂಕ. ಕನ್ನಡ ಮಾಧ್ಯಮದಿಂದ ಬಂದ ನನಗೆ ಹೆದರಿಕೆ ಇದ್ದದ್ದು ಇದರ ಬಗ್ಗೆಯೇ. ಸಮಯದ ಅಭ್ಯಾಸ ಮಾಡಿಕೊಂಡರೆ ಆಗುತ್ತದೆ, ಅಸಾಧ್ಯ ಏನಲ್ಲ. ಸಂದರ್ಶನಕ್ಕೆ 50 ಅಂಕ. ಎದುರಿಗೆ ಸೇನೆಯ ಹಿರಿಯ ವೈದ್ಯರು. ಮನೆಯಲ್ಲಿ ಏನು ಕೆಲಸ ಎಂದು ಕೇಳಿದರು. ಮಲ್ಲಿಗೆ ಬೆಳೆ ಎಂದೆ. ಎಷ್ಟು ಹೂವು ಕಟ್ಟುತ್ತೀಯ ಎಂದರು. ನಮ್ಮಲ್ಲಿ 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ, ಅಂದರೆ 3,200 ಹೂವು ಎಂದು ಹೇಳಿದೆ. ಒಬ್ಬರು ಪೆನ್ನು ಕೆಳಗಿಟ್ಟು, "ಕಟ್ಟುವಾಗ ಎಣಿಸುತ್ತೀರಾ?" ಎಂದು ಕೇಳಿದರು. ಎಣಿಸಿಕೊಂಡೇ ಕಟ್ಟುತ್ತೇವೆ, ಕೈಗೆ ಲೆಕ್ಕ ಗೊತ್ತಿರುತ್ತದೆ ಎಂದೆ. ಆಮೇಲೆ ಸೇನೆಯ ಬಗ್ಗೆ, ಊರಿನ ಆಸ್ಪತ್ರೆಯ ಬಗ್ಗೆ ಪ್ರಶ್ನೆ ಬಂತು. ಕೆಲವಕ್ಕೆ ಚೆನ್ನಾಗಿ ಹೇಳಿದೆ, ಒಂದೆರಡಕ್ಕೆ ತಡವರಿಸಿದೆ.

ಹೊರಗೆ ಬಂದ ತಕ್ಷಣ ಎಲ್ಲರೂ ಗುಂಪು ಸೇರಿ "ನಿನಗೆ ಏನು ಕೇಳಿದರು, ನೀನು ಏನು ಹೇಳಿದೆ" ಎಂದು ಶುರು ಮಾಡಿದರು. ನಾನು ಅದರಲ್ಲಿ ಸೇರಲಿಲ್ಲ. ಒಬ್ಬೊಬ್ಬರಿಗೆ ಒಂದೊಂದು ಪ್ರಶ್ನೆ, ಹೋಲಿಸಿ ನೋಡಿದರೆ ಏನು ತಿಳಿಯುತ್ತದೆ? ಆದರೆ ಮನಸ್ಸು ಸುಮ್ಮನೆ ಇರುವುದಿಲ್ಲ, ಅಲ್ವಾ? ವಾಪಸ್ ಬರುವ ರೈಲಿನಲ್ಲಿ ನೋಟ್‌ಬುಕ್ ತೆಗೆದು ಕೇಳಿದ ಪ್ರಶ್ನೆ, ಹೇಳಿದ ಉತ್ತರ ಎಲ್ಲ ನೆನಪಿದ್ದಷ್ಟು ಬರೆದೆ. ರತ್ನಾಗಿರಿ ದಾಟುವ ಹೊತ್ತಿಗೆ ಮುಗಿಯಿತು. ಆಮೇಲೆ ರಾತ್ರಿ ಮಲಗಿದಾಗ "ಆ ಪ್ರಶ್ನೆಗೆ ಹೀಗೆ ಹೇಳಬೇಕಿತ್ತು" ಎಂಬ ಯೋಚನೆ ಬಂದರೆ, ಅದು ಪುಸ್ತಕದಲ್ಲಿ ಇದೆ, ಇನ್ನು ಅದಕ್ಕೆ ಮಾಡುವುದಕ್ಕೆ ಏನೂ ಇಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಎಲ್ಲರಿಗೂ ಇದು ಹಿಡಿಸುತ್ತದೋ ಇಲ್ಲವೋ, ನನಗೆ ಹಿಡಿಸಿತು.

ಊರಿಗೆ ಬಂದ ಮೇಲೆ ನಾನು ಮಾಡಿದ ಮುಖ್ಯ ಕೆಲಸ ಒಂದೇ. ಪುಣೆಗೆ ಹೋಗಿಯೇ ಇಲ್ಲ ಎಂಬಂತೆ ಕೆಇಎ ಕೆಲಸ ಮುಂದುವರಿಸಿದೆ. ಇದನ್ನು ನಾನು ಒತ್ತಿ ಹೇಳುತ್ತೇನೆ. ಸಂದರ್ಶನ ಚೆನ್ನಾಗಿ ಆಯಿತು ಎಂಬ ಧೈರ್ಯದಲ್ಲಿ ರಾಜ್ಯದ ಕೌನ್ಸೆಲಿಂಗ್, ಅಂದರೆ ಸೀಟು ಹಂಚಿಕೆಯ ಕಡೆ ಗಮನ ಬಿಟ್ಟು, ಆಮೇಲೆ ಪರದಾಡಿದವರನ್ನು ನಾನು ಕಂಡಿದ್ದೇನೆ. ಪುಣೆಯ ತೀರ್ಮಾನ ನನ್ನ ಕೈಯಲ್ಲಿ ಇರಲಿಲ್ಲ. ಕೆಇಎಯಲ್ಲಿ ನನ್ನ ಕೈಯಲ್ಲಿ ಇದ್ದ ಕೆಲಸ ರಾಶಿ ಇತ್ತು.

ಮೊದಲನೆಯದು ದಾಖಲೆ. ಏಳು ವರ್ಷ ಕರ್ನಾಟಕದಲ್ಲಿ ಓದಿದ ವ್ಯಾಸಂಗ ಪ್ರಮಾಣಪತ್ರ, ಗ್ರಾಮೀಣ ಮೀಸಲಾತಿಯ ಪತ್ರ, ಕನ್ನಡ ಮಾಧ್ಯಮದ ಪತ್ರ, ನಾಡಕಚೇರಿಯ ಜಾತಿ ಮತ್ತು ಆದಾಯ ಪತ್ರ. ಒಂದರಿಂದ ಹತ್ತರವರೆಗೆ ಹಳ್ಳಿ ಶಾಲೆಯಲ್ಲಿ, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಈ ಎರಡು ಮೀಸಲಾತಿಗಳಿಂದ ನಿಜವಾಗಿ ಪ್ರಯೋಜನ ಇದೆ. ನಮ್ಮ ಕರಾವಳಿಯ ಎಷ್ಟೋ ಮಕ್ಕಳು ಅರ್ಹತೆ ಇದ್ದೂ ಪತ್ರ ಮಾಡಿಸುವುದಿಲ್ಲ, ನನಗೆ ಅದು ತುಂಬಾ ಬೇಸರದ ವಿಷಯ. ಮುಖ್ಯೋಪಾಧ್ಯಾಯರ ಸಹಿ ಆದರೆ ಸಾಲದು, ಬಿಇಒ, ಅಂದರೆ ಕ್ಷೇತ್ರ ಶಿಕ್ಷಣಾಧಿಕಾರಿ, ಅವರ ಮೇಲುಸಹಿ ಮತ್ತು ಮೊಹರು ಬೇಕು. ಇದನ್ನು ಕೊನೆಯ ವಾರಕ್ಕೆ ಇಟ್ಟುಕೊಳ್ಳಬೇಡಿ. ಅಪ್ಪ ಎಲ್ಲದರ ಜೆರಾಕ್ಸ್ ಹಲವು ಪ್ರತಿ ಮಾಡಿಸಿ, ಮೂಲ ಪತ್ರಗಳನ್ನು ಪ್ಲಾಸ್ಟಿಕ್ ಫೈಲಿಗೆ ಹಾಕಿ ಗೋದ್ರೇಜಿನಲ್ಲಿ ಇಟ್ಟರು. ಮಳೆಗಾಲದಲ್ಲಿ ನಮ್ಮ ಕಡೆ ಕಾಗದ ಹೇಗೆ ತೇವ ಹಿಡಿಯುತ್ತದೆ ಎಂದು ಗೊತ್ತೇ ಇದೆಯಲ್ಲ.

ಎರಡನೆಯದು ಆಪ್ಷನ್ ಎಂಟ್ರಿ. ಕಾಲೇಜುಗಳ ಪಟ್ಟಿಯನ್ನು ನಮಗೆ ಬೇಕಾದ ಕ್ರಮದಲ್ಲಿ ತುಂಬಬೇಕು. ಎಲ್ಲರೂ ತಲೆಗೊಂದು ಸಲಹೆ ಕೊಡುತ್ತಾರೆ. "ನಿನ್ನ ರ‍್ಯಾಂಕಿಗೆ ಅದು ಸಿಗುವುದಿಲ್ಲ, ಮೇಲೆ ಹಾಕಿದರೆ ಸುಮ್ನೆ ವೇಸ್ಟ್" ಅನ್ನುತ್ತಾರೆ. ಅದು ಸರಿಯಲ್ಲ. ಮೇಲಿನ ಆಯ್ಕೆ ಸಿಗದಿದ್ದರೆ ಕಂಪ್ಯೂಟರ್ ಮುಂದಿನದಕ್ಕೆ ಹೋಗುತ್ತದೆ, ಅಷ್ಟೇ. ಆದ್ದರಿಂದ ನಿಜವಾಗಿ ಎಲ್ಲಿ ಓದಬೇಕೋ ಆ ಕ್ರಮದಲ್ಲೇ ಹಾಕಬೇಕು. ಉಡುಪಿಯಲ್ಲಾಗಲಿ ಮಂಗಳೂರಿನಲ್ಲಾಗಲಿ ಸರ್ಕಾರಿ ಮೆಡಿಕಲ್ ಕಾಲೇಜು ಇಲ್ಲ. ಮಂಗಳೂರಿನ ಕೆಲವು ಖಾಸಗಿ ಕಾಲೇಜುಗಳಲ್ಲಿ ಸರ್ಕಾರಿ ಕೋಟಾದ ಸೀಟು ಇವೆ, ಆದರೆ ಶುಲ್ಕ ಸರ್ಕಾರಿ ಕಾಲೇಜಿಗಿಂತ ಜಾಸ್ತಿ. ಮಣಿಪಾಲ, ದೇರಳಕಟ್ಟೆ ಕಡೆಯ ಡೀಮ್ಡ್ ವಿಶ್ವವಿದ್ಯಾಲಯಗಳ ಕೌನ್ಸೆಲಿಂಗ್ ದೆಹಲಿಯ ಎಂಸಿಸಿ, ಅಂದರೆ ಕೇಂದ್ರದ ಮೆಡಿಕಲ್ ಕೌನ್ಸೆಲಿಂಗ್ ಕಮಿಟಿ, ಮಾಡುವುದು, ಅಲ್ಲಿನ ಶುಲ್ಕ ನಮ್ಮಂಥ ಮನೆಗೆ ಎಟಕುವುದಿಲ್ಲ. ಮನೆಯ ಹತ್ತಿರ ಓದಬೇಕೆಂಬ ಆಸೆ ಅಮ್ಮನಿಗೆ ಇತ್ತು. ಆದರೂ ನಾನು ಬೆಂಗಳೂರು, ಮೈಸೂರು, ಹಾಸನ, ಶಿವಮೊಗ್ಗ, ಕಾರವಾರ ಎಂದು ಸರ್ಕಾರಿ ಕಾಲೇಜುಗಳನ್ನೇ ಮೇಲೆ ಇಟ್ಟೆ.

ಅಣಕು ಹಂಚಿಕೆ, ಅಂದರೆ ಮಾಕ್ ಅಲಾಟ್‌ಮೆಂಟ್, ಬಂದಾಗ ನನ್ನ ಹೆಸರಿನ ಎದುರು ಮೈಸೂರು ಇತ್ತು. ಮನೆಯಲ್ಲಿ ಆಗಲೇ ಸಿಹಿ ಹಂಚುವ ಮಾತು ಬಂತು. ನಾನು ಬೇಡ ಅಂದೆ. ಮಾಕ್ ಬಂದರೆ ಸೀಟು ಬಂದ ಹಾಗಲ್ಲ. ಅದನ್ನು ನೋಡಿ ಎಲ್ಲರೂ ಕ್ರಮ ಬದಲಾಯಿಸುತ್ತಾರೆ, ನಿಜವಾದ ಸುತ್ತಿನಲ್ಲಿ ಬೇರೆ ಬರಬಹುದು. ನನಗೆ ಮೊದಲ ಸುತ್ತಿನಲ್ಲೂ ಮೈಸೂರೇ ಬಂತು.

ಇನ್ನು ಚಾಯ್ಸ್ ವಿಷಯ, ಅಂದರೆ ಬಂದ ಸೀಟಿನ ಬಗ್ಗೆ ನಮ್ಮ ತೀರ್ಮಾನವನ್ನು ಕೆಇಎಗೆ ತಿಳಿಸುವುದು. ಚಾಯ್ಸ್ ಒಂದು ಅಂದರೆ ಈ ಸೀಟು ಸಾಕು, ಸೇರುತ್ತೇನೆ. ಎರಡು ಅಂದರೆ ಇದು ನನಗಿರಲಿ, ಮುಂದಿನ ಸುತ್ತಿನಲ್ಲಿ ಮೇಲಿನದಕ್ಕೂ ನೋಡುತ್ತೇನೆ. ಮೂರು ಅಂದರೆ ಇದು ಬೇಡ, ಮುಂದಿನ ಸುತ್ತಿಗೆ ಬರುತ್ತೇನೆ. ಎರಡನ್ನು ಒತ್ತುವವರು ಒಂದು ಗಮನಿಸಬೇಕು: ಮೇಲಿನ ಆಯ್ಕೆ ಸಿಕ್ಕಿತು ಅಂದರೆ ಕೈಯಲ್ಲಿದ್ದ ಸೀಟು ತಾನಾಗಿ ಹೋಗುತ್ತದೆ. ವಾಪಸ್ ಕೇಳುವಂತಿಲ್ಲ. ಅಷ್ಟರಲ್ಲಿ ಪುಣೆಯ ಪಟ್ಟಿ ಬಂದಿರಲಿಲ್ಲ. ಹಲವರು "ಪುಣೆಯದ್ದು ಗೊತ್ತಾಗುವವರೆಗೆ ಮೂರು ಒತ್ತಿ ಕಾಯಿ" ಎಂದರು. ಅಪ್ಪನೂ ನಾನೂ ಆ ವರ್ಷದ ಮಾಹಿತಿ ಪುಸ್ತಕ ಹಿಡಿದು ಕೂತು, ಸೀಟು ಬಿಟ್ಟರೆ ಯಾವ ಸುತ್ತಿನವರೆಗೆ ತೊಂದರೆ ಇಲ್ಲ, ಯಾವುದರ ನಂತರ ದುಡ್ಡು ಹೋಗುತ್ತದೆ ಎಂದು ಸಾಲು ಸಾಲಾಗಿ ಓದಿದೆವು. ಈ ನಿಯಮ ವರ್ಷ ವರ್ಷ ಬದಲಾಗುತ್ತದೆ, ಹಾಗಾಗಿ ಹಿಂದಿನ ವರ್ಷದವರ ಮಾತು ಕೇಳಿ ಒತ್ತಬಾರದು. ಓದಿದ ಮೇಲೆ ಚಾಯ್ಸ್ ಒಂದನ್ನೇ ಒತ್ತಿದೆ. ಮೈಸೂರು ಮೆಡಿಕಲ್ ಕಾಲೇಜು 1924ರಿಂದ ಇರುವ ಕಾಲೇಜು, ಕೆ.ಆರ್. ಆಸ್ಪತ್ರೆಯಂಥ ದೊಡ್ಡ ಆಸ್ಪತ್ರೆ ಅದಕ್ಕಿದೆ. ಇದಕ್ಕಿಂತ ಇನ್ನೇನು ಬೇಕು ಎಂದು ನನಗೆ ಅನ್ನಿಸಿತು.

ಶುಲ್ಕ ಕಟ್ಟುವುದಕ್ಕೆ ಸಿಗುವ ಸಮಯ ಕಡಿಮೆ. ನಡುವೆ ಹಬ್ಬದ ರಜೆ ಬಂದರೆ ಇನ್ನೂ ಕಡಿಮೆ. ಅಪ್ಪ ಸೊಸೈಟಿಯಲ್ಲಿದ್ದ ಎಫ್‌ಡಿಯನ್ನು ಮೊದಲೇ ಬಿಡಿಸಿ ಉಳಿತಾಯ ಖಾತೆಗೆ ಹಾಕಿಸಿದ್ದರು. ನೆಟ್ ಬ್ಯಾಂಕಿಂಗಿನ ದಿನದ ಮಿತಿಯನ್ನೂ ಜಾಸ್ತಿ ಮಾಡಿಸಿದ್ದರು. ಚಲನ್ ಬಂದ ದಿನವೇ ಕಟ್ಟಿದೆವು.

ಇದೆಲ್ಲ ದಿನಕ್ಕೆ ಒಂದೆರಡು ಗಂಟೆಯ ಕೆಲಸ. ಉಳಿದ ಹೊತ್ತು? ಅದೇ ಕಷ್ಟ. ಎಎಫ್‌ಎಂಸಿಯ ಪುಟವನ್ನು ಮತ್ತೆ ಮತ್ತೆ ತೆರೆದು ನೋಡುವುದು ಒಂದು ಚಟದ ಹಾಗೆ ಹತ್ತುತ್ತದೆ. ನಾನು ಮನೆಯಲ್ಲಿ ಹೇಳಿ ಒಂದು ಕ್ರಮ ಮಾಡಿಕೊಂಡೆ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ನೋಡುವುದು. ನಡುವೆ ಫೋನು ಅಮ್ಮನ ಹತ್ತಿರ. ಬೆಳಗಿನ ಜಾವ ಎದ್ದು ಮೊಗ್ಗು ಕೊಯ್ಯುವುದು, ಆಮೇಲೆ ಅಮ್ಮನ ಜೊತೆ ಜಗಲಿಯಲ್ಲಿ ಕೂತು ಬಾಳೆನಾರಿನಲ್ಲಿ ಕಟ್ಟುವುದು. ನಾರು ಒದ್ದೆ ಇರಬೇಕು, ಒಣಗಿದರೆ ತುಂಡಾಗುತ್ತದೆ. ಒದ್ದೆ ಕೈಯಲ್ಲಿ ಫೋನು ಮುಟ್ಟುವಂತಿಲ್ಲ. ಲೆಕ್ಕ ತಪ್ಪಿದರೆ ಚೆಂಡು ಪುನಃ ಎಣಿಸಬೇಕು, ಹಾಗಾಗಿ ಮನಸ್ಸು ಬೇರೆ ಕಡೆ ಹೋಗಲು ಬಿಡುವುದಿಲ್ಲ. ಮಳೆಗಾಲದಲ್ಲಿ ಹೂವು ಕಡಿಮೆ. ಆದರೆ ಅಷ್ಟಮಿ, ಚೌತಿ ಹತ್ತಿರ ಬಂದಾಗ ಬೇಡಿಕೆ ಏರುತ್ತದೆ, ಇದ್ದಷ್ಟನ್ನೂ ಬೇಗ ಕಟ್ಟಿ ಕಳಿಸಬೇಕು. ನನಗೆ ಆ ದಿನಗಳಲ್ಲಿ ಸರಿಯಾಗಿ ನಿದ್ದೆ ಬಂದದ್ದು ಈ ಕೆಲಸದಿಂದಲೇ.

ಜನ ಕೇಳುವುದು ಇನ್ನೊಂದು. ಬಸ್ಸಿನಲ್ಲಿ, ದೇವಸ್ಥಾನದಲ್ಲಿ, ಹೂವಿನ ಕಟ್ಟೆಯಲ್ಲಿ, ಎಲ್ಲ ಕಡೆ "ಎಂತಾಯ್ತು ಮಾರಾಯ್ತಿ, ಪುಣೆಯದ್ದು ಬಂತಾ?" ಪ್ರೀತಿಯಿಂದಲೇ ಕೇಳುತ್ತಾರೆ, ಆದರೆ ಪ್ರತಿ ಸಲವೂ ಎದೆ ಧಸಕ್ ಅನ್ನುತ್ತದೆ. ಅಮ್ಮ ಇದಕ್ಕೆ ಒಳ್ಳೆಯ ಉಪಾಯ ಮಾಡಿದರು. ನಾನು ಬಾಯಿ ತೆರೆಯುವ ಮೊದಲೇ, "ಬಂದ ದಿನ ನಾವೇ ಹೇಳ್ತೇವೆ ಅಕ್ಕ, ಅಲ್ಲಿವರೆಗೆ ಅವಳ ಹತ್ರ ಕೇಳ್ಬೇಡಿ" ಎಂದು ನಗುತ್ತಲೇ ಹೇಳಿಬಿಡುತ್ತಿದ್ದರು. ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ. ಮಕ್ಕಳು ಕಾಯುತ್ತಿರುವ ಮನೆಗಳಲ್ಲಿ ದೊಡ್ಡವರು ಇಷ್ಟು ಮಾಡಿದರೆ ಎಷ್ಟೋ ಹಗುರ.

ಮೆರಿಟ್ ಪಟ್ಟಿ ಬಂದ ಸಂಜೆ ಅಪ್ಪ, ಅಮ್ಮ, ನಾನು ಮೂವರೂ ಒಟ್ಟಿಗೆ ನೋಡಿದೆವು. ನನ್ನ ಹೆಸರು ಆಯ್ಕೆಯಾದವರಲ್ಲಿ ಇರಲಿಲ್ಲ. ವೇಟಿಂಗ್ ಲಿಸ್ಟಿನಲ್ಲಿ ಇತ್ತು. ಅತ್ತುಬಿಟ್ಟೆ, ಹೌದು. ಅಮ್ಮ ಏನೂ ಹೇಳದೆ ಕಾಫಿ ಮಾಡಿ ತಂದರು. ಆ ರಾತ್ರಿ ಅಪ್ಪ ಕೇಳಿದ್ದು ಇಷ್ಟೇ: "ವೇಟಿಂಗ್ ಲಿಸ್ಟಿನಿಂದ ಕರೆದರೆ ಹೋಗುವ ಮನಸ್ಸು ಉಂಟಾ?" ಉಂಟು ಅಂದೆ. "ಹಾಗಾದರೆ ಫೋನ್ ನಂಬರು, ಇಮೇಲು ಸರಿ ಇದೆಯಾ ನೋಡು. ನಾಳೆ ಮೈಸೂರಿಗೆ ಹೋಗುವ ಬ್ಯಾಗ್ ತುಂಬಿಸು" ಅಂದರು.

ಮೈಸೂರಿಗೆ ಹೋಗಿ ಸೇರಿದೆ. ಅನಾಟಮಿ ತರಗತಿ, ಹಾಸ್ಟೆಲ್ ಊಟ, ಹೊಸ ಗೆಳತಿಯರು. ಪುಣೆಯಿಂದ ಕರೆ ಬರಲಿಲ್ಲ. ವೇಟಿಂಗ್ ಲಿಸ್ಟಿನ ಮೇಲಿದ್ದ ಕೆಲವರಿಗೆ ಬಂತು, ನನ್ನವರೆಗೆ ತಲುಪಲಿಲ್ಲ. ಮೊದಲ ಕೆಲವು ವಾರ ಅಪರಿಚಿತ ನಂಬರಿನ ಫೋನ್ ಬಂದರೆ ತರಗತಿಯಿಂದ ಹೊರಗೆ ಓಡುತ್ತಿದ್ದೆ. ಮೊದಲ ಇಂಟರ್ನಲ್ ಪರೀಕ್ಷೆ ಹತ್ತಿರ ಬಂದಾಗ ಅದೂ ನಿಂತಿತು.

ಈ ವರ್ಷ ನಮ್ಮ ಶಾಲೆಯಲ್ಲೇ ಓದಿದ ಹುಡುಗಿಯೊಬ್ಬಳು ಪುಣೆಗೆ ಹೋಗಿ ಬಂದಿದ್ದಾಳೆ. ಅವಳ ಅಪ್ಪ ಮೊನ್ನೆ ಫೋನ್ ಮಾಡಿ, ಸಂದರ್ಶನ ಚೆನ್ನಾಗಿ ಆಗಿದೆಯಂತೆ, ಇನ್ನು ಕೆಇಎಯದ್ದು ಬೇಕಾ ಎಂದು ಕೇಳಿದರು. ಬೇಕೇ ಬೇಕು ಎಂದೆ. ಬಿಇಒ ಮೇಲುಸಹಿ ಆಗಿದೆಯಾ ಎಂದು ಕೇಳಿದೆ. ಇನ್ನೂ ಆಗಿಲ್ಲ ಅಂದರು. ನಾಳೆ ಬೆಳಿಗ್ಗೆಯೇ ಹೋಗಿ ಎಂದು ಹೇಳಿ, ಅವಳ ಕೈಗೆ ಫೋನ್ ಕೊಡಿಸಿ ಆಪ್ಷನ್ ಪಟ್ಟಿ ಬರೆಸಲು ಶುರು ಮಾಡಿದೆ.